ರೂಮನ್ನೂ ರೆಕಾರ್ಡ್ ಮಾಡಬೇಕು: ನ್ಯೂಜೆರ್ಸಿಯ ಕಾಲೇಜು ರೇಡಿಯೊದಲ್ಲಿ ಹಾರ್ಡ್‌ಕೋರ್ ಟೇಪ್ ಮಾಡಿದ ಅನುಭವ

ಹಾರ್ಡ್‌ಕೋರ್ ಪಂಕ್ ಅನ್ನುವ ಅಬ್ಬರದ ರಾಕ್ ಸಂಗೀತದ ಬ್ಯಾಂಡ್‌ನ ಲೈವ್ ಶೋ ರೆಕಾರ್ಡ್ ಮಾಡಲು, ಮೈಕ್‌ಗಳ ದನಿ ಸೇರಿಸುವ ಮಿಕ್ಸರ್‌ನಿಂದ ಒಂದು ವೈರ್ ಎಳೆದುಕೊಂಡರೆ ಮುಗಿಯಿತು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಮುಗಿಯುವುದಿಲ್ಲ. ಸಣ್ಣ ಜಾಗದಲ್ಲಿ ಗಿಟಾರ್ ಆಂಪ್, ಅಂದರೆ ಗಿಟಾರಿನ ದನಿ ಹಿಗ್ಗಿಸುವ ಸ್ಪೀಕರ್ ಪೆಟ್ಟಿಗೆ, ತಾನೇ ಕಿವಿಗಡಚಿಕ್ಕುವಷ್ಟು ಜೋರಾಗಿರುತ್ತದೆ. ಡ್ರಮ್ಸ್‌ಗೆ ಮೈಕೇ ಬೇಕಿಲ್ಲ. ಹಾಗಾಗಿ ಮಿಕ್ಸರ್‌ಗೆ ಬರುವುದು ಹಾಡುವವನ ದನಿ ಒಂದೇ. ಆ ಟೇಪನ್ನು ಮನೆಗೆ ತಂದು ಹಾಕಿದರೆ ಯಾರೋ ಒಬ್ಬ ಹುಡುಗ ಖಾಲಿ ಕೋಣೆಯಲ್ಲಿ ಕಿರುಚುತ್ತಿರುತ್ತಾನೆ, ಎಲ್ಲೋ ದೂರದಲ್ಲಿ ಡ್ರಮ್ಸ್ ಸದ್ದು ಬರುತ್ತಿರುತ್ತದೆ. ಜಾತ್ರೆಗೆ ಹೋಗಿ ಕಳೆದುಹೋದ ಮಕ್ಕಳ ಅನೌನ್ಸ್‌ಮೆಂಟ್ ಮಾತ್ರ ಕೇಳಿಸಿಕೊಂಡು ಬಂದ ಹಾಗೆ.

ನಾನು ಈ ಕೆಲಸ ಕಲಿತದ್ದು 1990ರ ದಶಕದ ನಡುವೆ, ನ್ಯೂಜೆರ್ಸಿಯ ಒಂದು ಕಾಲೇಜು ರೇಡಿಯೊದಲ್ಲಿ. ಹೋದದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಎಂ.ಎಸ್. ಮಾಡಲು. ಸ್ಟೇಷನ್ ಬಾಗಿಲಿಗೆ ಅಂಟಿಸಿದ್ದ ಚೀಟಿಯಲ್ಲಿ "ಸೋಲ್ಡರಿಂಗ್ ಬರುವವರು ಬೇಕು" ಅಂತ ಇತ್ತು. ಸಂಬಳ ಇಲ್ಲ, ಪಿಜ್ಜಾ ಇದೆ. ಮೈಸೂರಿನಲ್ಲಿ ಬೆಳೆದ ನನಗೆ ರೇಡಿಯೊ ಅಂದರೆ ಗೇಟು, ಕಾವಲುಗಾರ, ಒಳಗೆ ಸರ್ಕಾರಿ ನೌಕರರು. ಇಲ್ಲಿ ನೋಡಿದರೆ ಇನ್ನೂ ಡಿಗ್ರಿ ಓದುತ್ತಿದ್ದ ಹುಡುಗಿಯೊಬ್ಬಳ ಸೊಂಟದಲ್ಲಿ ಇಡೀ ಸ್ಟೇಷನ್ನಿನ ಬೀಗದ ಕೈ ನೇತಾಡುತ್ತಿತ್ತು. ಮೊದಲಿಗೆ ವಿಚಿತ್ರ ಅನಿಸಿತು. ಆಮೇಲೆ ಯೋಚಿಸಿದರೆ, ಮೈಸೂರಿನ ಆಕಾಶವಾಣಿ ಶುರುವಾದದ್ದೂ ಹೀಗೇ ಅಲ್ವಾ? 1935ರಲ್ಲಿ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಶುರುಮಾಡಿದ್ದು ಅದು.

ಪಂಕ್ ಸಂಗೀತದ ತಲೆಬುಡ ನನಗೆ ಗೊತ್ತಿರಲಿಲ್ಲ. ನನ್ನನ್ನು ಅಲ್ಲಿ ಹಿಡಿದು ನಿಲ್ಲಿಸಿದ್ದು ಮೊದಲು ಯಂತ್ರಗಳು. ಒಟಾರಿ ಕಂಪನಿಯ ರೀಲ್ ಮಷೀನ್, ಟೆಕ್ನಿಕ್ಸ್ 1200 ಟರ್ನ್‌ಟೇಬಲ್, ಜಿಂಗಲ್ ನುಡಿಸುವ ಕಾರ್ಟ್ ಮಷೀನ್, ಗೋಡೆ ತುಂಬ ಎಲ್‌ಪಿ. ಎಲ್ಲವೂ ಅರ್ಧ ಕೆಟ್ಟಿದ್ದವು. ರಿಪೇರಿ ಮಾಡುತ್ತ ಕೂತವನ ಕಿವಿಗೆ ಪಕ್ಕದ ಸ್ಟುಡಿಯೋದಿಂದ ಹಾಡು ಬಿದ್ದೇ ಬೀಳುತ್ತದೆ. ಬಿದ್ದು ಬಿದ್ದು ರುಚಿ ಹತ್ತಿತು. ನನ್ನ ರೂಮ್‌ಮೇಟ್ ದಾವಣಗೆರೆಯವನು. ನಾನು ತಂದ ಟೇಪ್ ಕೇಳಿ, "ಲೇ, ಇದನ್ನ ದುಡ್ಡು ಕೊಟ್ಟು ಕೇಳ್ತಾರೇನೋ?" ಅಂದ. "ಐದು ಡಾಲರ್ ಕಣೋ," ಅಂದೆ. "ಹಂಗಾದ್ರೆ ನಾನೂ ಕಿರುಚ್ತೀನಿ, ನನಗೂ ಕೊಡಿಸು," ಅಂದ.

ಕಾಲೇಜು ರೇಡಿಯೊ ಮತ್ತು ಈ ಸಂಗೀತ ಒಂದಕ್ಕೊಂದು ಗಂಟುಬಿದ್ದದ್ದು ಹೇಗೆ ಅಂತ ಸ್ವಲ್ಪ ಹೇಳಬೇಕು. ಅಮೆರಿಕದ ಎಫ್‌ಎಂ ಡಯಲ್‌ನಲ್ಲಿ 88ರಿಂದ 92 ಮೆಗಾಹರ್ಟ್ಜ್‌ವರೆಗಿನ ಜಾಗ ಜಾಹೀರಾತಿಲ್ಲದ, ಲಾಭಕ್ಕಲ್ಲದ ಸ್ಟೇಷನ್‌ಗಳಿಗೆ ಮೀಸಲು. ಅಲ್ಲಿನ ಪ್ರಸಾರ ನಿಯಂತ್ರಣ ಮಾಡುವ ಎಫ್‌ಸಿಸಿ 1948ರಲ್ಲಿ ಬರೀ 10 ವ್ಯಾಟ್ ಟ್ರಾನ್ಸ್‌ಮಿಟರ್‌ಗೂ ಲೈಸೆನ್ಸ್ ಕೊಡಲು ಶುರುಮಾಡಿತು. ಕಾಲೇಜುಗಳು ಮುಗಿಬಿದ್ದವು. 10 ವ್ಯಾಟ್ ಕ್ಯಾಂಪಸ್ ದಾಟಿ ಕೆಲವು ಮೈಲಿ ಹೋದರೆ ಹೆಚ್ಚು, ಆದರೂ ಅದು ನಿಜವಾದ ರೇಡಿಯೊ. 1978ರಲ್ಲಿ ಅದೇ ಎಫ್‌ಸಿಸಿ ಈ ಪುಟ್ಟ ಸ್ಟೇಷನ್‌ಗಳಿಗಿದ್ದ ರಕ್ಷಣೆ ತೆಗೆಯಿತು. ಒಂದೋ 100 ವ್ಯಾಟ್‌ಗೆ ಏರಿಸಿಕೊಳ್ಳಿ, ಇಲ್ಲವೇ ದೊಡ್ಡವರು ಬಂದಾಗ ಜಾಗ ಬಿಡಿ ಅಂತ ಅದರ ಅರ್ಥ. ದುಡ್ಡು ಹೊಂದಿಸಲು ಒಬ್ಬೊಬ್ಬರದು ಒಂದೊಂದು ದಾರಿ. ಎಂಐಟಿ ವಿಶ್ವವಿದ್ಯಾಲಯದ ಸ್ಟೇಷನ್ನಿನ ಕರೆ ಅಕ್ಷರ, ಅಂದರೆ ಗುರುತಿನ ಹೆಸರು, ಆಗ ಡಬ್ಲ್ಯುಟಿಬಿಎಸ್. ಟಿವಿ ಉದ್ಯಮಿ ಟೆಡ್ ಟರ್ನರ್‌ಗೆ ತನ್ನ ಚಾನೆಲ್‌ಗೆ ಆ ಅಕ್ಷರಗಳೇ ಬೇಕಿತ್ತು. ಒಟ್ಟು 50,000 ಡಾಲರ್ ಕೊಟ್ಟು ತಗೊಂಡ. ಹುಡುಗರು ಆ ದುಡ್ಡನ್ನು ಹೊಸ ಟ್ರಾನ್ಸ್‌ಮಿಟರ್‌ಗೆ ಹಾಕಿ, ಸ್ಟೇಷನ್ ಇದ್ದ ನೆಲಮಾಳಿಗೆಯ ಹೆಸರಿನಲ್ಲೇ ಡಬ್ಲ್ಯುಎಂಬಿಆರ್ ಅಂತ ಇಟ್ಟುಕೊಂಡರು. ಬೆಲೆ ಬಾಳುವ ನಾಲ್ಕು ಅಕ್ಷರ!

ಎಲ್ಲರಿಗೂ ಅಂಥ ಅದೃಷ್ಟ ಇರಲಿಲ್ಲ. ವಾಷಿಂಗ್ಟನ್‌ನ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ತನ್ನ ಡಬ್ಲ್ಯುಜಿಟಿಬಿ ಸ್ಟೇಷನ್ನನ್ನು 1979ರಲ್ಲಿ ಮುಚ್ಚಿ, ಲೈಸೆನ್ಸನ್ನು ಇನ್ನೊಂದು ವಿಶ್ವವಿದ್ಯಾಲಯಕ್ಕೆ 1 ಡಾಲರ್‌ಗೆ ಕೊಟ್ಟುಬಿಟ್ಟಿತು. ಸ್ಟೇಷನ್ ಉಳಿಸಲು 1979ರ ಫೆಬ್ರವರಿ 3ರಂದು ಅದೇ ಕ್ಯಾಂಪಸ್‌ನ ಹಾಲ್‌ನಲ್ಲಿ ದಿ ಕ್ರಾಂಪ್ಸ್ ಬ್ಯಾಂಡ್‌ನ ಶೋ ಇಟ್ಟಿದ್ದರು. ಸ್ಟೇಷನ್ ಉಳಿಯಲಿಲ್ಲ. ಆದರೆ ಆ ದಿನ ಜನರ ನಡುವೆ ಇಯನ್ ಮೆಕೇ ಅನ್ನುವ ಹೈಸ್ಕೂಲ್ ಹುಡುಗ ಇದ್ದ. ಅದು ಅವನು ನೋಡಿದ ಮೊದಲ ಪಂಕ್ ಶೋ. ಮುಂದಿನ ವರ್ಷವೇ ಗೆಳೆಯರ ಜೊತೆ ಡಿಸ್ಕಾರ್ಡ್ ರೆಕಾರ್ಡ್ಸ್ ಅನ್ನುವ ರೆಕಾರ್ಡ್ ಕಂಪನಿ ಶುರುಮಾಡಿದ. ಆಮೇಲೆ ಮೈನರ್ ಥ್ರೆಟ್ ಬ್ಯಾಂಡ್, ಆಮೇಲೆ ಫುಗಾಜಿ ಬ್ಯಾಂಡ್. ಸಾಯುತ್ತಿದ್ದ ಒಂದು ಕಾಲೇಜು ರೇಡಿಯೊ ಇಡೀ ಊರಿನ ಹಾರ್ಡ್‌ಕೋರ್‌ಗೆ ಬೀಜ ಹಾಕಿ ಹೋಯಿತು. ಅದೇ 1 ಡಾಲರಿನ ಲೈಸೆನ್ಸ್ 1997ರಲ್ಲಿ 1 ಕೋಟಿ 30 ಲಕ್ಷ ಡಾಲರ್‌ಗೆ ಕೈ ಬದಲಾಯಿತು ಅಂತ ಓದಿದಾಗ ನನಗೆ ನಗು ಬಂತು, ಹೊಟ್ಟೆಯೂ ಉರಿಯಿತು.

ಹಾರ್ಡ್‌ಕೋರ್ ಅಂದರೆ ಗೊತ್ತಿಲ್ಲದವರಿಗೆ: ಪಂಕ್‌ಗಿಂತ ವೇಗ, ಪಂಕ್‌ಗಿಂತ ಸಿಟ್ಟು, ಹಾಡು ಒಂದು-ಒಂದೂವರೆ ನಿಮಿಷ. ಕ್ಯಾಲಿಫೋರ್ನಿಯಾದಲ್ಲಿ ಬ್ಲ್ಯಾಕ್ ಫ್ಲ್ಯಾಗ್, ವಾಷಿಂಗ್ಟನ್‌ನಲ್ಲಿ ಬ್ಯಾಡ್ ಬ್ರೇನ್ಸ್ ಅನ್ನುವ ಬ್ಯಾಂಡ್‌ಗಳು. ದೊಡ್ಡ ಕಂಪನಿಗಳು ಇವರ ಹತ್ತಿರ ಸುಳಿಯಲಿಲ್ಲ, ಜಾಹೀರಾತಿನ ರೇಡಿಯೊಗಳೂ ಮೂಗು ಮುರಿದವು. ಹಾಗಾಗಿ ಎಲ್ಲ ತಾವೇ ಮಾಡಿಕೊಂಡರು. ಬ್ಲ್ಯಾಕ್ ಫ್ಲ್ಯಾಗ್‌ನ ಗ್ರೆಗ್ ಗಿನ್ ಎಸ್‌ಎಸ್‌ಟಿ ಹೆಸರಿನಲ್ಲಿ ಮೊದಲು ಮಾರುತ್ತಿದ್ದದ್ದು ಹವ್ಯಾಸಿಗಳ ಹ್ಯಾಮ್ ರೇಡಿಯೊ ಸಾಮಾನು. ಅದೇ ಹೆಸರಿನಲ್ಲಿ ಆಮೇಲೆ ರೆಕಾರ್ಡ್ ತಂದ. ಸೋಲ್ಡರಿಂಗ್ ಐರನ್ ಹಿಡಿದು ಈ ಲೋಕಕ್ಕೆ ಬಂದವನು ನಾನೊಬ್ಬನೇ ಅಲ್ಲ ಅಂತ ತಿಳಿದಾಗ ಖುಷಿಯಾಯಿತು. ಈ ರೆಕಾರ್ಡ್‌ಗಳನ್ನು ನುಡಿಸುತ್ತಿದ್ದದ್ದು ಕಾಲೇಜು ಸ್ಟೇಷನ್‌ಗಳು. ನ್ಯೂಯಾರ್ಕ್‌ನ ಡಬ್ಲ್ಯುಎನ್‌ವೈಯುನಲ್ಲಿ 80ರ ದಶಕದ ಶುರುವಿನಲ್ಲಿ ಟಿಮ್ ಸೊಮರ್ ಅವರ ಶೋ ಇತ್ತು, ಆಮೇಲೆ "ಕ್ರೂಷಿಯಲ್ ಕೇಯಾಸ್" ಬಂತು. ಅದರಲ್ಲಿ ಬ್ಯಾಂಡ್‌ಗಳು ಸ್ಟುಡಿಯೋಕ್ಕೇ ಬಂದು ನುಡಿಸುತ್ತಿದ್ದವು. ನ್ಯೂಜೆರ್ಸಿಯಲ್ಲಂತೂ ಸೀಟನ್ ಹಾಲ್ ಅನ್ನುವ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಡಬ್ಲ್ಯುಎಸ್‌ಒಯು ದಿನವಿಡೀ ಮೆಟಲ್, ಹಾರ್ಡ್‌ಕೋರ್ ಹಾಕುತ್ತಿತ್ತು. ಪಾದ್ರಿಗಳ ಕಾಲೇಜಿನಲ್ಲಿ! ಟ್ರೆಂಟನ್‌ನ ಸಿಟಿ ಗಾರ್ಡನ್ಸ್ ಕ್ಲಬ್ಬಿಗೆ ಬ್ಯಾಂಡ್ ಕರೆಸುತ್ತಿದ್ದ ರ‍್ಯಾಂಡಿ ನೌ ಹಗಲು ಹೊತ್ತು ಅಂಚೆ ಹಂಚುತ್ತಿದ್ದ.

ಇನ್ನು ಕೆಲಸಕ್ಕೆ ಬರುತ್ತೇನೆ.

ನಮ್ಮ ಸ್ಟೇಷನ್‌ನಲ್ಲಿ ವಾರಕ್ಕೊಂದು ರಾತ್ರಿ ಬ್ಯಾಂಡ್ ಬಂದು ನೇರಪ್ರಸಾರದಲ್ಲಿ ನುಡಿಸುವ ಶೋ ಇತ್ತು. ಸ್ಟುಡಿಯೋ ಅಂದರೆ ಹಳೆ ಸೋಫಾ ಹಾಕಿದ್ದ ಒಂದು ಕೋಣೆ. ಪಕ್ಕದ ರೂಮಿನಲ್ಲಿ 16 ಚಾನೆಲ್‌ನ ಮ್ಯಾಕಿ ಮಿಕ್ಸರ್. ಎರಡರ ನಡುವೆ ಬಾಗಿಲ ಸಂದಿಯಲ್ಲಿ ಎಳೆದ ದಪ್ಪ ಕೇಬಲ್. ನಾನು ಕಿಟಕಿ ಇಲ್ಲದ ಕಡೆ ಕೂತಿರುತ್ತಿದ್ದೆ, ಹಾಗಾಗಿ ಬ್ಯಾಂಡ್ ಏನು ಮಾಡುತ್ತಿದೆ ಅಂತ ಹೆಡ್‌ಫೋನ್‌ನಲ್ಲೇ ಊಹಿಸಬೇಕು.

ಮೈಕ್ ಇಡುವುದು ಸರಳ. ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಒಳಗೆ ಎಕೆಜಿ ಡಿ112 ಮೈಕ್. ಸ್ನೇರ್ ಡ್ರಮ್‌ಗೆ ಶೂರ್ ಎಸ್‌ಎಂ57, ಇಡೀ ಡ್ರಮ್ಸ್ ಮೇಲೊಂದು ಮೈಕ್. ಗಿಟಾರ್ ಆಂಪ್ ಒಂದೊಂದಕ್ಕೂ ಇನ್ನೊಂದು 57, ಸ್ಪೀಕರ್ ಕೋನ್‌ನ ನಡುವಿನಿಂದ ಸ್ವಲ್ಪ ಪಕ್ಕಕ್ಕೆ. ಸರಿಯಾಗಿ ನಡುವಿಗೆ ಇಟ್ಟರೆ ದನಿ ಚುಚ್ಚುತ್ತದೆ. ಬೇಸ್ ಗಿಟಾರನ್ನು ಡಿಐ ಬಾಕ್ಸ್ ಅನ್ನುವ ಪುಟ್ಟ ಪೆಟ್ಟಿಗೆ ಮೂಲಕ, ಮೈಕಿಲ್ಲದೆ, ನೇರವಾಗಿ ಮಿಕ್ಸರ್‌ಗೆ. ಹಾಡುವವರಿಗೆ ಎಸ್‌ಎಂ58, ಅದು ಎಷ್ಟು ಸಲ ನೆಲಕ್ಕೆ ಬಿದ್ದರೂ ಏನೂ ಆಗುವುದಿಲ್ಲ. ದುಬಾರಿ ಮೈಕ್ ಇದ್ದರೂ ಅದನ್ನು ಹಾರ್ಡ್‌ಕೋರ್ ಹಾಡುಗಾರನ ಕೈಗೆ ಕೊಡಬೇಡಿ. ಹಾಡುವವನು ಹೆಡ್‌ಫೋನ್ ಹಾಕಿಕೊಳ್ಳುವುದಿಲ್ಲ, ಅವನಿಗೆ ಅವನ ದನಿ ಕೇಳಬೇಕು. ಅದಕ್ಕೆ ಎರಡು ಸಣ್ಣ ಸ್ಪೀಕರ್ ಸ್ಟ್ಯಾಂಡ್ ಮೇಲೆ ಇಟ್ಟು, ದನಿ ಒಂದನ್ನೇ ಅದರಲ್ಲಿ ಬಿಡುತ್ತಿದ್ದೆ.

ಇಷ್ಟೆಲ್ಲ ಮಾಡಿದರೂ ಮೊದಲ ತಿಂಗಳುಗಳ ಟೇಪ್‌ಗಳಲ್ಲಿ ಜೀವ ಇರಲಿಲ್ಲ. ಎಲ್ಲ ವಾದ್ಯಗಳೂ ಕೇಳುತ್ತಿದ್ದವು, ಶೋ ಕೇಳುತ್ತಿರಲಿಲ್ಲ. ಬ್ಯಾಂಡ್ ಜೊತೆ ಬಂದ ಇಪ್ಪತ್ತು-ಮೂವತ್ತು ಗೆಳೆಯರು ಅದೇ ಕೋಣೆಯಲ್ಲಿ ಸೋಫಾ ಮೇಲೆ ಹತ್ತಿ ಹಾಡುತ್ತಿದ್ದರು, ಟೇಪ್‌ನಲ್ಲಿ ಅವರಿಲ್ಲ. ಈ ಸಂಗೀತದಲ್ಲಿ ಹಾಡಿನ ಅರ್ಧ ಸಾಲು ಹೇಳುವುದೇ ಅವರು. ಹಾಡುವವನು ಮೈಕನ್ನು ಜನರ ಕಡೆ ಚಾಚುತ್ತಾನೆ, ಹತ್ತು ಜನ ಒಬ್ಬರ ಮೇಲೊಬ್ಬರು ಬಿದ್ದು ಆ ಸಾಲು ಕೂಗುತ್ತಾರೆ.

ನನ್ನ ಸಮಸ್ಯೆಗೆ ಉತ್ತರ ಸಿಕ್ಕಿದ್ದು ರೇಡಿಯೊ ಶ್ಯಾಕ್ ಅನ್ನುವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ. ಅಲ್ಲಿ ಪಿಜೆಡ್‌ಎಂ ಅನ್ನುವ ಮೈಕ್ ಮಾರುತ್ತಿದ್ದರು. ನೋಡಲು ಮೈಕ್ ಥರ ಇಲ್ಲವೇ ಇಲ್ಲ. ಅಂಗೈ ಅಗಲದ ಕಪ್ಪು ಲೋಹದ ತಟ್ಟೆ, ಅದರ ಮೇಲೆ ಒಂದು ಪುಟ್ಟ ಗಂಟು. ಗಂಟಿನೊಳಗೆ ಮೈಕ್ ತಟ್ಟೆಯ ಕಡೆ ಮುಖ ಮಾಡಿ ಕೂತಿರುತ್ತದೆ. ಗೋಡೆಗೆ ಅಂಟಿಸಿದರೆ ಇಡೀ ಗೋಡೆಯೇ ಅದರ ಭಾಗವಾಗುತ್ತದೆ. ಸಾಮಾನ್ಯ ಮೈಕನ್ನು ಗೋಡೆ ಹತ್ತಿರ ಇಟ್ಟರೆ ನೇರ ಬಂದ ಸದ್ದು, ಗೋಡೆಗೆ ಬಡಿದು ತುಸು ತಡವಾಗಿ ಬಂದ ಸದ್ದು ಎರಡೂ ಸೇರಿ ದನಿ ಟೊಳ್ಳಾಗುತ್ತದೆ. ಪಿಜೆಡ್‌ಎಂನಲ್ಲಿ ಆ ತೊಂದರೆ ಇಲ್ಲ. ಎರಡು ಪಿಜೆಡ್‌ಎಂ ತಂದು, ಬ್ಯಾಂಡ್‌ನ ಎದುರಿನ ಗೋಡೆಗೆ, ತಲೆಗಿಂತ ಮೇಲೆ, ಒಂದಕ್ಕೊಂದು ಆರು ಅಡಿ ದೂರದಲ್ಲಿ ಗ್ಯಾಫರ್ ಟೇಪ್ ಹಾಕಿ ಅಂಟಿಸಿದೆ. ಜನ ಎಗರಾಡಿದರೂ ಕೈಗೆ ಸಿಗುವುದಿಲ್ಲ. ಒಂದು ಕೊರತೆ ಇತ್ತು: ಅದು ಒಂದೇ ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುತ್ತಿತ್ತು, ಜೋರು ಸದ್ದಿಗೆ ದನಿ ಬೇಗ ಒಡೆದುಹೋಗುತ್ತಿತ್ತು. ಒಳಗೆ ಒಂದೂವರೆ ವೋಲ್ಟ್ ಬದಲು 6 ವೋಲ್ಟಿನ ಎರಡು ಸಣ್ಣ ಬ್ಯಾಟರಿ ಕೂರಿಸಿ 12 ವೋಲ್ಟ್ ಕೊಟ್ಟರೆ ಎಷ್ಟೋ ಜಾಸ್ತಿ ಸದ್ದು ತಡೆಯುತ್ತದೆ. ಇದು ಆಗಿನ ಟೇಪ್ ಮಾಡುವವರೆಲ್ಲರಿಗೂ ಗೊತ್ತಿದ್ದ ಉಪಾಯ. ಒಂದು ಸಂಜೆಯ ಕೆಲಸ.

ಆ ಎರಡು ಚಾನೆಲ್ಲನ್ನು ಮಿಕ್ಸರ್‌ನಲ್ಲಿ ಮೇಲೆತ್ತಿದಾಗ ಟೇಪ್ ಒಮ್ಮೆಗೇ ಬಾಗಿಲು ತೆರೆದುಕೊಂಡಿತು. ಮೊದಲು ರೂಮಿನ ಮೈಕ್ ಎರಡನ್ನೇ ಕೇಳಿ ಅದನ್ನೇ ಅಡಿಪಾಯ ಮಾಡಿಕೊಳ್ಳುವುದು, ಅದರಲ್ಲಿ ಏನು ಸಾಲದೋ ಅದನ್ನಷ್ಟೇ ಹತ್ತಿರದ ಮೈಕಿನಿಂದ ತುಂಬುವುದು: ಕಿಕ್ ಸ್ವಲ್ಪ, ದನಿ ಸ್ವಲ್ಪ, ಬೇಸ್ ಸ್ವಲ್ಪ. ಮಾಮೂಲಿ ಎಂಜಿನಿಯರ್‌ಗಳು ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಬೇರೆ ಸಂಗೀತಕ್ಕೆ ಅವರದ್ದೇ ಸರಿ ಇರಬಹುದು. ಹಾರ್ಡ್‌ಕೋರ್‌ಗೆ ನನ್ನದೇ ಸರಿ ಅಂತ ಇವತ್ತಿಗೂ ವಾದ ಮಾಡುತ್ತೇನೆ.

ಹಳೆ ರೆಕಾರ್ಡ್‌ಗಳೂ ನನ್ನ ಪಕ್ಷದಲ್ಲಿವೆ. ಮಿನಿಯಾಪೊಲಿಸ್‌ನ ಹಸ್ಕರ್ ಡು ಬ್ಯಾಂಡ್ ತನ್ನ ಮೊದಲ ಎಲ್‌ಪಿಯನ್ನೇ ಲೈವ್ ಮಾಡಿತು. 1981ರ ಆಗಸ್ಟ್ 15ರಂದು, ಸೆವೆಂತ್ ಸ್ಟ್ರೀಟ್ ಎಂಟ್ರಿ ಅನ್ನುವ ಪುಟ್ಟ ಕ್ಲಬ್ಬಿನಲ್ಲಿ. 17 ಹಾಡು, ಸುಮಾರು 26 ನಿಮಿಷ. ಸದ್ದು ಅಷ್ಟೇನೂ ಚೆನ್ನಾಗಿಲ್ಲ, ಸಾಹಿತ್ಯ ಒಂದಕ್ಷರ ಅರ್ಥ ಆಗುವುದಿಲ್ಲ. ಆದರೆ ಆ ರಾತ್ರಿ ಎಷ್ಟು ವೇಗವಾಗಿತ್ತು ಅನ್ನುವುದು ಹಾಗೇ ಉಳಿದಿದೆ. ಹೊಸ ಡಿಜೆಗಳಿಗೆ ಲೆವೆಲ್, ಅಂದರೆ ರೆಕಾರ್ಡ್ ಮಾಡುವ ಸದ್ದಿನ ಮಟ್ಟದ ಬಗ್ಗೆ ಪಾಠ ಹೇಳುವ ಮೊದಲು ನಾನು ಇದನ್ನು ಕೇಳಿಸುತ್ತಿದ್ದೆ.

ಲೆವೆಲ್ ಬಗ್ಗೆ ಒಂದು ಮಾತು. ನಾವು ಡ್ಯಾಟ್ ಅನ್ನುವ ಟೇಪ್ ಮಷೀನ್‌ನಲ್ಲಿ ರೆಕಾರ್ಡ್ ಮಾಡುತ್ತಿದ್ದೆವು, ಜೊತೆಗೆ ಒಂದು ಕ್ಯಾಸೆಟ್ ಡೆಕ್ ಓಡಿಸುತ್ತಿದ್ದೆವು. ಕ್ಯಾಸೆಟ್‌ನಲ್ಲಿ ಮುಳ್ಳು ಸ್ವಲ್ಪ ಕೆಂಪಿಗೆ ಹೋದರೂ ಟೇಪ್ ಅದನ್ನು ತಡೆದುಕೊಳ್ಳುತ್ತದೆ, ಒಂದು ರೀತಿ ಚೆನ್ನಾಗಿಯೂ ಕೇಳುತ್ತದೆ. ಡ್ಯಾಟ್ ಡಿಜಿಟಲ್. ಮೀಟರ್ ಸೊನ್ನೆ ದಾಟಿದರೆ ದನಿ ಚಟ್ ಅಂತ ಒಡೆಯುತ್ತದೆ, ಕ್ಷಮೆ ಇಲ್ಲ. ಸೌಂಡ್ ಚೆಕ್‌ನಲ್ಲಿ ಬ್ಯಾಂಡ್ ಎಷ್ಟೇ ಜೋರಾಗಿ ನುಡಿಸಲಿ, ಶೋ ಶುರುವಾದಾಗ ಇನ್ನೂ ಜೋರಾಗುತ್ತದೆ. ಆದ್ದರಿಂದ ಸೌಂಡ್ ಚೆಕ್‌ನಲ್ಲಿ ಮೈನಸ್ 12 ಡೆಸಿಬೆಲ್‌ಗೆ ನಿಲ್ಲಿಸಿ ಕೈ ಕಟ್ಟಿ ಕೂರಬೇಕು.

ವಿಚಿತ್ರ ಏನೆಂದರೆ ಕೇಳುಗರು ಮನೆಯಲ್ಲಿ ರೇಡಿಯೊದಿಂದ ಟೇಪ್ ಮಾಡಿಕೊಂಡದ್ದು ನಮ್ಮ ಡ್ಯಾಟ್‌ಗಿಂತ ಚೆನ್ನಾಗಿ ಕೇಳುತ್ತಿತ್ತು. ಟ್ರಾನ್ಸ್‌ಮಿಟರ್‌ಗೆ ಹೋಗುವ ಮೊದಲು ಸದ್ದು ಒಂದು ಪ್ರೊಸೆಸರ್ ದಾಟುತ್ತದೆ. ಅದು ಮೆಲುದನಿಯನ್ನು ಎತ್ತಿ, ಜೋರು ದನಿಯನ್ನು ಅದುಮಿ, ಎಲ್ಲ ಒಂದೇ ಮಟ್ಟಕ್ಕೆ ತರುತ್ತದೆ. ಹಾಗಾಗಿ ಹಾಡು ನಿಂತ ಕ್ಷಣ ಜನರ ಕೂಗು ತಾನೇ ಮೇಲೆದ್ದು ಬರುತ್ತಿತ್ತು. ಆಮೇಲಿಂದ ಸ್ಟೇಷನ್ನಿನಲ್ಲೇ ಒಂದು ಟ್ಯೂನರ್ ಇಟ್ಟು ಪ್ರಸಾರವನ್ನೂ ಇನ್ನೊಂದು ಕ್ಯಾಸೆಟ್‌ಗೆ ಹಿಡಿಯತೊಡಗಿದೆ. ಬ್ಯಾಂಡ್‌ಗಳು ಜಾಸ್ತಿ ಕೇಳುತ್ತಿದ್ದದ್ದು ಅದನ್ನೇ.

ಬೈಗುಳದ ವಿಷಯ ಹೇಳದಿದ್ದರೆ ಈ ಲೇಖನ ಅರ್ಧ ಸುಳ್ಳು. ಹಾರ್ಡ್‌ಕೋರ್ ಹಾಡಿನಲ್ಲಿ ಬೈಗುಳ ಇರುತ್ತದೆ, ಹಾಡಿನ ನಡುವಿನ ಮಾತಿನಲ್ಲಿ ಇನ್ನೂ ಇರುತ್ತದೆ. 1987ರಲ್ಲಿ ಎಫ್‌ಸಿಸಿ ಎಚ್ಚರಿಕೆ ಕೊಟ್ಟ ಸ್ಟೇಷನ್‌ಗಳಲ್ಲಿ ಕ್ಯಾಲಿಫೋರ್ನಿಯಾದ ಕೆಸಿಎಸ್‌ಬಿ ಅನ್ನುವ ಕಾಲೇಜು ಸ್ಟೇಷನ್ ಕೂಡ ಇತ್ತು, ಅದೂ ಒಂದು ಪಂಕ್ ಹಾಡಿಗೆ. ಅಂದಿನಿಂದ ಎಲ್ಲ ಸ್ಟೇಷನ್‌ಗಳಿಗೂ ಪುಕಪುಕ. 1995ರಲ್ಲಿ ಕೋರ್ಟ್ ತೀರ್ಪಿನ ನಂತರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸ್ವಲ್ಪ ಸಡಿಲ ಅಂತ ಆಯಿತು. ದೊಡ್ಡ ಸ್ಟೇಷನ್‌ಗಳಲ್ಲಿ ಪ್ರಸಾರವನ್ನು ಕೆಲವು ಸೆಕೆಂಡ್ ತಡಮಾಡುವ ಯಂತ್ರ ಇರುತ್ತದೆ, ಬೈಗುಳ ಬಂದರೆ ಗುಂಡಿ ಒತ್ತಿ ನುಂಗಿಸಬಹುದು. ನಮ್ಮಲ್ಲಿ ಅಷ್ಟು ದುಡ್ಡಿರಲಿಲ್ಲ. ನಮ್ಮ ಯಂತ್ರ ಗಡಿಯಾರವೇ. ಸೌಂಡ್ ಚೆಕ್ ಒಂಬತ್ತಕ್ಕೆ, ಪ್ರಸಾರ ಹತ್ತಾದ ಮೇಲೆ. ಬ್ಯಾಂಡ್ ಬಂದ ಕೂಡಲೇ ಸಾಹಿತ್ಯದ ಹಾಳೆ ಕೇಳುತ್ತಿದ್ದೆವು. ಮೈಕ್ ಜನರ ಕಡೆ ಹೋದಾಗ ಯಾರು ಏನು ಕೂಗುತ್ತಾರೋ ದೇವರಿಗೇ ಗೊತ್ತು, ಅದಕ್ಕೆ ನನ್ನ ಬೆರಳು ಹಾಡುವವನ ದನಿ ಇಳಿಸುವ ಫೇಡರ್ ಮೇಲೇ ಇರುತ್ತಿತ್ತು. ಇನ್ನೊಂದು ನಿಯಮ: ಪ್ರತಿ ಗಂಟೆ ಹೊಡೆಯುವ ಹೊತ್ತಿಗೆ, ನಡುವೆ ಸಹಜವಾಗಿ ಬಿಡುವು ಸಿಕ್ಕಾಗ, ಸ್ಟೇಷನ್ನಿನ ಕರೆ ಅಕ್ಷರ ಮತ್ತು ಊರಿನ ಹೆಸರು ಹೇಳಲೇಬೇಕು. ಜಾಝ್ ಶೋದವರು ಇದಕ್ಕೆ ಒದ್ದಾಡುತ್ತಿದ್ದರು. ನಮಗೆ ಒಂದೂವರೆ ನಿಮಿಷಕ್ಕೊಂದು ಬಿಡುವು.

ಸ್ಟುಡಿಯೋ ಬಿಟ್ಟು ಹೊರಗೆ ಹೋದರೆ ಕಥೆ ಬೇರೆ. ನ್ಯೂ ಬ್ರನ್ಸ್‌ವಿಕ್‌ನಲ್ಲಿ ವಿದ್ಯಾರ್ಥಿಗಳು ಬಾಡಿಗೆಗೆ ಇರುವ ಮನೆಗಳ ನೆಲಮಾಳಿಗೆಯಲ್ಲೇ ಶೋಗಳು. ಇನ್ನು ಕೆಲವು ನಿವೃತ್ತ ಸೈನಿಕರ ವಿಎಫ್‌ಡಬ್ಲ್ಯು ಹಾಲ್‌ಗಳಲ್ಲಿ. ಅತ್ತ ಬಾರ್‌ನಲ್ಲಿ ಕೊರಿಯಾ ಯುದ್ಧ ನೋಡಿದ ಅಜ್ಜಂದಿರು ಬಿಯರ್ ಕುಡಿಯುತ್ತ ಕೂತಿರುತ್ತಿದ್ದರು, ಇತ್ತ ಹಾಲ್‌ನಲ್ಲಿ ಹದಿನಾರರ ಹುಡುಗರು ಒಬ್ಬರ ಮೇಲೊಬ್ಬರು ಹಾರುತ್ತಿದ್ದರು. ಅಜ್ಜಂದಿರಿಗೆ ಬಾಡಿಗೆ ಬಂದರೆ ಸಾಕು. ವಯಸ್ಸಿನ ಮಿತಿ ಇಲ್ಲದ ಜಾಗ ಸಿಗುವುದೇ ಕಷ್ಟವಾದ್ದರಿಂದ ಈ ಹಾಲ್‌ಗಳಿಲ್ಲದೆ ನ್ಯೂಜೆರ್ಸಿ ಹಾರ್ಡ್‌ಕೋರೇ ಇಲ್ಲ.

ನೆಲಮಾಳಿಗೆಯ ಮೊದಲ ಶತ್ರು ಕರೆಂಟು. ಹಳೆ ಮನೆಯ ಒಂದು ಲೈನ್ ಅಂದರೆ 120 ವೋಲ್ಟ್, 15 ಆಂಪಿಯರ್, ಅಂದರೆ 1,800 ವ್ಯಾಟ್. ಎರಡು ಗಿಟಾರ್ ಆಂಪ್, ಒಂದು ಬೇಸ್ ಆಂಪ್, ಹಾಡುವವನ ಸ್ಪೀಕರ್, ಮೇಲೆ ಅಡುಗೆಮನೆಯಲ್ಲಿ ಯಾರಾದರೂ ಮೈಕ್ರೊವೇವ್ ಹಾಕಿದರೆ ಕತೆ ಮುಗಿಯಿತು. ನನ್ನ ರೆಕಾರ್ಡರ್ ಯಾವಾಗಲೂ ಬ್ಯಾಟರಿ ಮೇಲೆ. ಎರಡನೆಯದು ಗುಂಯ್‌ಗುಡುವ ಸದ್ದು. ಬೇರೆ ಬೇರೆ ಪ್ಲಗ್ಗಿನಿಂದ ಕರೆಂಟ್ ತಗೊಂಡರೆ ಅರ್ಥ್ ವ್ಯತ್ಯಾಸದಿಂದ 60 ಹರ್ಟ್ಜ್ ಗುನುಗು ಬರುತ್ತದೆ. ಡಿಐ ಬಾಕ್ಸ್‌ನಲ್ಲಿ ಗ್ರೌಂಡ್ ಲಿಫ್ಟ್ ಸ್ವಿಚ್ ಇರುತ್ತದೆ, ಅದನ್ನು ಒತ್ತಿದರೆ ಬಹಳಷ್ಟು ಸಲ ಹೋಗುತ್ತದೆ. ಆಂಪ್‌ನ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಹುಡುಗರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಬೆವರಿದ ತುಟಿ ಮೈಕಿಗೆ ತಾಗಿದಾಗ ಹೊಡೆಯುವ ಶಾಕ್ ಹಾಡಿನ ಭಾಗ ಅಲ್ಲ.

ನೆಲಮಾಳಿಗೆಯ ಗೋಡೆ ಒದ್ದೆ ಕಲ್ಲು, ಟೇಪ್ ಅಂಟುವುದಿಲ್ಲ. ಎರಡು ಅಡಿ ಚೌಕದ ಪ್ಲೈವುಡ್ ತುಂಡಿಗೆ ಪಿಜೆಡ್‌ಎಂ ಅಂಟಿಸಿ, ಛಾವಣಿಯ ತೊಲೆಗಳಿಗೆ ತಂತಿ ಕಟ್ಟಿ ತೂಗುಹಾಕುತ್ತಿದ್ದೆ. ಹಲಗೆ ಚಿಕ್ಕದಾದಷ್ಟೂ ಕೆಳದನಿ ಕಡಿಮೆಯಾಗುತ್ತದೆ, ಹಾಗಾಗಿ ಅದಕ್ಕಿಂತ ಚಿಕ್ಕದು ಬೇಡ. ದೊಡ್ಡ ಹಾಲ್‌ನಲ್ಲಿ ಇನ್ನೊಂದು ತೊಡಕಿದೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಹಿಂದಿನ ಗೋಡೆಯ ಮೈಕ್ 10 ಮೀಟರ್ ದೂರ ಇದ್ದರೆ ಅದಕ್ಕೆ ದನಿ ತಲುಪುವುದು ಸುಮಾರು 29 ಮಿಲಿಸೆಕೆಂಡ್ ತಡವಾಗಿ. ಮಿಕ್ಸರ್‌ನ ದನಿ ಜೊತೆ ಕಲಸಿದರೆ ಒಂದೊಂದು ಪೆಟ್ಟೂ ಎರಡೆರಡಾಗಿ ಕೇಳುತ್ತದೆ. ಈಗ ಕಂಪ್ಯೂಟರ್‌ನಲ್ಲಿ ಒಂದು ಟ್ರ್ಯಾಕನ್ನು ಹಿಂದೆ ಸರಿಸಿದರೆ ಆಯಿತು. ಆಗ ನಮಗಿದ್ದ ದಾರಿ ಒಂದೇ: ಮೈಕನ್ನು ಮುಂದೆ ತರುವುದು. ವೇದಿಕೆಯ ಎರಡು ಬದಿಯ ಕಂಬ ಸಿಕ್ಕಿದರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಹಾಡುಗಳ ನಡುವಿನ ಮಾತನ್ನು ಯಾವತ್ತೂ ಕತ್ತರಿಸಬೇಡಿ. ಟೇಪ್ ಉಳಿಸಲು ನಡುವೆ ಪಾಝ್ ಗುಂಡಿ ಒತ್ತಿ ನಿಲ್ಲಿಸುವವರಿದ್ದರು. ನನಗೆ ಅದು ಸರಿಬರುತ್ತಿರಲಿಲ್ಲ. ಯಾವ ಊರಿನಿಂದ ಬಂದೆವು, ವ್ಯಾನ್ ಎಲ್ಲಿ ಕೆಟ್ಟಿತು, ಇವತ್ತು ರಾತ್ರಿ ಮಲಗಲು ಯಾರ ಮನೆ ಇದೆ, ಯಾರದ್ದೋ ಕನ್ನಡಕ ಬಿದ್ದಿದೆ ಹುಡುಕಿ ಅನ್ನುವುದೆಲ್ಲ ಅಲ್ಲೇ ಇರುವುದು. ಫುಗಾಜಿ ಶೋಗಳಲ್ಲಿ ಯಾರಾದರೂ ಪಕ್ಕದವರಿಗೆ ಹೊಡೆದರೆ ಬ್ಯಾಂಡ್ ಹಾಡು ನಿಲ್ಲಿಸಿ, ಹೊಡೆದವನ ಜೊತೆ ಮಾತಾಡುತ್ತಿತ್ತು. ಕೇಳದಿದ್ದರೆ ಟಿಕೆಟ್ ದುಡ್ಡು ವಾಪಸ್ ಕೊಟ್ಟು ಹೊರಗೆ ಕಳಿಸುತ್ತಿತ್ತು. ಆ ಬ್ಯಾಂಡ್ ಮೊದಲ ಶೋ ಮಾಡಿದ್ದು 1987ರ ಸೆಪ್ಟೆಂಬರ್ 3ರಂದು ವಾಷಿಂಗ್ಟನ್‌ನ ವಿಲ್ಸನ್ ಸೆಂಟರ್‌ನಲ್ಲಿ. ಅಲ್ಲಿಂದ ಮುಂದೆ ಸುಮಾರು ಸಾವಿರ ಶೋ. ಅದರಲ್ಲಿ 800ಕ್ಕೂ ಹೆಚ್ಚು ಶೋಗಳನ್ನು ಅವರ ಸೌಂಡ್ ಎಂಜಿನಿಯರ್‌ಗಳು ಮೊದಲು ಕ್ಯಾಸೆಟ್, ಆಮೇಲೆ ಡ್ಯಾಟ್, ಸಿಡಿಗಳಲ್ಲಿ ಹಿಡಿದಿಟ್ಟಿದ್ದರು. 2011ರ ಡಿಸೆಂಬರ್‌ನಿಂದ ಡಿಸ್ಕಾರ್ಡ್ ಅವನ್ನು ಶೋಗೆ 5 ಡಾಲರ್‌ನಂತೆ ಹಾಕುತ್ತ ಬಂತು, ಜಗಳ, ಉಪದೇಶ, ತಮಾಷೆ ಎಲ್ಲ ಸೇರಿಸಿ. ಹಾಡು ಬಿಟ್ಟು ಆ ಮಾತುಗಳನ್ನಷ್ಟೇ ಕೇಳುವವರೂ ಇದ್ದಾರೆ. ನಾನೂ ಅವರಲ್ಲಿ ಒಬ್ಬ.

ಟೇಪ್ ಹಂಚಿಕೆಗೂ ಒಂದು ರೀತಿನೀತಿ ಇತ್ತು. ಮಾರುವಂತಿಲ್ಲ. ನೀವು ಒಂದು ಖಾಲಿ ಕ್ಯಾಸೆಟ್, ವಾಪಸ್ ಕಳಿಸಲು ಸ್ಟ್ಯಾಂಪ್ ಕಳಿಸಿದರೆ ನಾನು ಪ್ರತಿ ಮಾಡಿ ಕಳಿಸುತ್ತೇನೆ. ತೊಂಬತ್ತು ನಿಮಿಷದ ಸಿ-90 ಕಳಿಸಿ, ಸಿ-120 ಬೇಡ, ಅದರ ಟೇಪ್ ತೆಳ್ಳಗಿದ್ದು ಸಿಕ್ಕಿಹಾಕಿಕೊಳ್ಳುತ್ತದೆ. ಟಿಡಿಕೆ ಎಸ್‌ಎ ಅಥವಾ ಮ್ಯಾಕ್ಸೆಲ್ ಎಕ್ಸ್‌ಎಲ್ ಟು ಕಳಿಸುವವರನ್ನು ಕಂಡರೆ ನಮಗೆ ವಿಶೇಷ ಗೌರವ. ಮೊದಲ ಪ್ರತಿ ಬ್ಯಾಂಡಿಗೆ, ಕೇಳದೆಯೇ. ಬ್ಯಾಂಡ್ ಬೇಡ ಅಂದರೆ ಹೊರಗೆ ಹೋಗುವುದಿಲ್ಲ. ನಮ್ಮ ಪ್ರಸಾರವನ್ನು ಯಾರೋ ಸಿಡಿ ಮಾಡಿ ಅಂಗಡಿಯಲ್ಲಿ ಇಪ್ಪತ್ತು ಡಾಲರ್‌ಗೆ ಇಟ್ಟಿದ್ದನ್ನು ಒಮ್ಮೆ ನೋಡಿದೆ. ಬ್ಯಾಂಡಿಗೆ ಅರೆಕಾಸೂ ಇಲ್ಲ. ಅಂಗಡಿಯವನ ಹತ್ತಿರ ಜಗಳ ಆಡಿದ್ದಷ್ಟೇ ಬಂತು.

ಭಾರತಕ್ಕೆ ವಾಪಸ್ ಬರುವಾಗ ಬಟ್ಟೆ ಬಿಟ್ಟು ಟೇಪ್ ತುಂಬಿಕೊಂಡು ಬಂದೆ. ಈಗ ಬೆಂಗಳೂರಿನಲ್ಲಿ ಬಿಡುವಾದಾಗ ಒಂದೊಂದಾಗಿ ಕಂಪ್ಯೂಟರ್‌ಗೆ ಹಾಕುತ್ತಿದ್ದೇನೆ. ಮಳೆಗಾಲದಲ್ಲಿ ಕ್ಯಾಸೆಟ್‌ಗಳಿಗೆ ಬಿಳಿ ಬೂಷ್ಟು ಹಿಡಿಯುತ್ತದೆ, ಅದಕ್ಕೆ ಗಾಳಿ ಆಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಡೆಕ್‌ನ ಬೆಲ್ಟ್ ಎಸ್.ಪಿ. ರೋಡ್‌ನಲ್ಲಿ ಹುಡುಕಿದರೆ ಸಿಗುತ್ತದೆ, ಅಳತೆಗೆ ಹಳೆಯದನ್ನು ತಗೊಂಡು ಹೋಗಬೇಕು. ಪ್ರತಿ ಟೇಪಿಗೂ ಮೊದಲು ಹೆಡ್ ಮತ್ತು ರಬ್ಬರ್ ರೋಲರ್ ಒರೆಸಬೇಕು. ಆಮೇಲೆ ಆಜಿಮತ್, ಅಂದರೆ ಹೆಡ್‌ನ ಓರೆ. ಒಂದು ಡೆಕ್‌ನಲ್ಲಿ ರೆಕಾರ್ಡ್ ಆದದ್ದನ್ನು ಇನ್ನೊಂದರಲ್ಲಿ ಹಾಕಿದರೆ ಓರೆ ಹೊಂದುವುದಿಲ್ಲ, ದನಿ ಮಂಕಾಗುತ್ತದೆ. ಹೆಡ್ ಪಕ್ಕದ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಎಡ-ಬಲ ಎರಡನ್ನೂ ಒಂದಾಗಿ ಸೇರಿಸಿ ಮೊನೊ ಮಾಡಿ ಕೇಳುತ್ತ ಹೋದರೆ ಒಂದು ಕಡೆ ಡ್ರಮ್ಸ್‌ನ ಕಂಚಿನ ತಟ್ಟೆಯ (ಸಿಂಬಲ್) ಸದ್ದು ಥಟ್ಟನೆ ತೆರೆದುಕೊಳ್ಳುತ್ತದೆ. ಅಲ್ಲಿ ನಿಲ್ಲಿಸಿ. ಈ ಒಂದು ಕೆಲಸ ಮಾಡಿದರೆ ಆಮೇಲೆ ಸಾಫ್ಟ್‌ವೇರ್‌ನಲ್ಲಿ ಒದ್ದಾಡುವುದು ಮುಕ್ಕಾಲು ಪಾಲು ತಪ್ಪುತ್ತದೆ. ಹಿಸ್, ಅಂದರೆ ಟೇಪಿನ ಸುಯ್‌ಗುಡುವ ಸದ್ದು, ತೆಗೆಯುವ ಫಿಲ್ಟರ್ ಹಾಕಲೇಬೇಡಿ, ಅದು ಹಿಸ್ ಜೊತೆ ಜನರ ಉಸಿರನ್ನೂ ತೆಗೆದುಕೊಂಡು ಹೋಗುತ್ತದೆ.

ಕ್ಯಾಸೆಟ್ ತಡೆದಿವೆ. ಡ್ಯಾಟ್‌ಗಳೇ ಮೊದಲು ಕೈಕೊಡುತ್ತಿರುವುದು. ಮಷೀನ್ ಸಿಗುವುದಿಲ್ಲ, ಸಿಕ್ಕರೂ ರಿಪೇರಿ ಮಾಡುವವರಿಲ್ಲ, ಟೇಪ್‌ನಲ್ಲಿ ಸ್ವಲ್ಪ ದೋಷ ಬಂದರೆ ದನಿ ಪೂರ್ತಿ ಮಾಯ. ಆದ್ದರಿಂದ ನಿಮ್ಮ ಹತ್ತಿರ ಎರಡೂ ಇದ್ದರೆ ಡ್ಯಾಟ್ ಮೊದಲು ಇಳಿಸಿಕೊಳ್ಳಿ. ರೀಲ್ ಟೇಪ್ ಇದ್ದು ಅದು ಹೆಡ್‌ಗೆ ಅಂಟಿಕೊಂಡು ಕಿರುಗುಟ್ಟುತ್ತಿದ್ದರೆ ಓಡಿಸಬೇಡಿ. ಆಂಪೆಕ್ಸ್ 456ನಂಥ ಟೇಪ್‌ಗಳ ಅಂಟು ತೇವ ಹೀರಿಕೊಂಡು ಹಾಳಾಗಿರುತ್ತದೆ. ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಹದವಾಗಿ ಬಿಸಿ ಮಾಡಿದರೆ ಸ್ವಲ್ಪ ಕಾಲ ಸರಿಹೋಗುತ್ತದೆ, ಅಷ್ಟರಲ್ಲಿ ಪ್ರತಿ ಮಾಡಿಕೊಳ್ಳಬೇಕು. ಅಡುಗೆಮನೆಯ ಓವನ್‌ನಲ್ಲಿ ಮಾಡಲು ಹೋಗಬೇಡಿ, ಅದರ ಉಷ್ಣತೆ ಒಂದೇ ಸಮ ಇರುವುದಿಲ್ಲ.

ಫೈಲ್‌ಗೆ ಹೆಸರಿಡುವಾಗ ತಿಂಗಳನ್ನು ಅಕ್ಷರದಲ್ಲೇ ಬರೆಯುತ್ತೇನೆ. ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ, ನಾವು ದಿನ ಮೊದಲು. 4/5 ಅಂತ ಮಾತ್ರ ಇದ್ದರೆ ಏಪ್ರಿಲ್ಲೋ ಮೇ ತಿಂಗಳೋ ಯಾರಿಗೂ ತಿಳಿಯುವುದಿಲ್ಲ. ಬ್ಯಾಂಡ್, ಊರು, ಜಾಗ, ತಾರೀಕು, ರೂಮ್ ಮೈಕ್ ಎಲ್ಲಿತ್ತು, ರೆಕಾರ್ಡ್ ಮಾಡುವಾಗ ಹಿಸ್ ತಗ್ಗಿಸುವ ಡಾಲ್ಬಿ ಹಾಕಿತ್ತೋ ಇಲ್ಲವೋ ಇಷ್ಟು ಇರಲೇಬೇಕು. ಬ್ಯಾಂಡ್‌ನವರ ವಿಳಾಸ ಸಿಕ್ಕರೆ ಫೈಲ್ ಮೊದಲು ಅವರಿಗೇ ಕಳಿಸುತ್ತೇನೆ. ಈಗ ಐವತ್ತರ ಹತ್ತಿರ ಇರುವ ಒಬ್ಬ ಡ್ರಮ್ಮರ್ ಉತ್ತರ ಬರೆದಿದ್ದ: ನಾವು ಇಷ್ಟು ವೇಗವಾಗಿ ನುಡಿಸುತ್ತಿದ್ದೆವಾ, ಟೇಪ್ ಸ್ಪೀಡ್ ಒಮ್ಮೆ ಚೆಕ್ ಮಾಡು ಅಂತ. ಚೆಕ್ ಮಾಡಿದೆ. ಸ್ಪೀಡ್ ಸರಿಯಾಗಿಯೇ ಇತ್ತು.